ವಿರಳ ಜನವಸತಿಯ ನಾಡೂ ನಮ್ಮ ಹೆಣ್ಣುಮಕ್ಕಳೂ

ಈ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಹೆಸರಿನಲ್ಲಿ ಬರುವ ಪುಟಗಳನ್ನು ಪರೀಕ್ಷಾ ಫಲಿತಾಂಶಕ್ಕೂ, ಕಟ್ಟಡ ನಿಧಿಯ ಲೆಕ್ಕಕ್ಕೂ, ದಾನಿಗಳ ವಂದನೆಗೂ ಮೀಸಲಿಡುವುದು ವಾಡಿಕೆ. ಅವೆಲ್ಲವೂ ಈ ಸಲ ಬೇರೆ ಪುಟಗಳಲ್ಲಿ ಅಚ್ಚಾಗಿರುವುದರಿಂದ, ಕಳೆದೊಂದು ವರ್ಷದಿಂದ ನಮ್ಮ ಮನಸ್ಸನ್ನು ಕಾಡುತ್ತಿರುವ ಬೇರೊಂದು ವಿಷಯವನ್ನು ಪೋಷಕ ಮಹಾಶಯರ ಮುಂದೆಯೂ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡಲು ಅಪ್ಪಣೆ ಬೇಡುತ್ತೇವೆ. ಇದು ಶಾಲೆಗೆ ಸಂಬಂಧಪಟ್ಟ ವಿಷಯವಲ್ಲವೆಂದು ಮೊದಲು ತೋರಬಹುದು. ನಮಗೂ ಮೊದಲು ಹಾಗೆಯೇ ತೋರಿತ್ತು.

ಕಳೆದ ವರ್ಷ ಒಂದೇ ವಾರದಲ್ಲಿ ಇಬ್ಬರು ತಂದೆಯರು ನಮ್ಮ ಕೊಠಡಿಗೆ ಬಂದಿದ್ದರು. ಒಬ್ಬರು ಮದ್ದೂರು ಕಡೆಯವರು. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ. ಮುಖದಲ್ಲಿ ತಡೆಯಲಾರದ ಸಂತೋಷ. ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಆಮೇಲೆ ದಾದಿಯರ ಶಿಕ್ಷಣ ಪಡೆದ ಅವರ ಮಗಳಿಗೆ ಪಶ್ಚಿಮ ಆಸ್ಟ್ರೇಲಿಯಾದ ಒಳನಾಡಿನ ಒಂದು ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಕೆಲಸ ದೊರೆತಿತ್ತು. ಆ ಊರಿನ ಹೆಸರನ್ನು ಉಚ್ಚರಿಸುವುದು ಅವರಿಗೆ ಕಷ್ಟವಾಯಿತು, ನಮಗೂ ಸುಲಭವಾಗಲಿಲ್ಲ. ಊರಿನಲ್ಲಿ ಎರಡು ಸಾವಿರ ಜನ ಇದ್ದಾರೆಂದೂ, ಮುಂದಿನ ಊರಿಗೆ ಕಾರಿನಲ್ಲಿ ಎರಡು ಗಂಟೆ ಪ್ರಯಾಣವೆಂದೂ, ನಡುವೆ ಮನೆಯೂ ಇಲ್ಲ ಮರವೂ ಇಲ್ಲವೆಂದೂ ಅವರು ಹೆಮ್ಮೆಯಿಂದಲೇ ಹೇಳಿದರು.

ಇನ್ನೊಬ್ಬರು ಮಳವಳ್ಳಿ ಕಡೆಯ ರೈತರು. ಕುರ್ಚಿ ತೋರಿಸಿದರೂ ಕುಳಿತುಕೊಳ್ಳಲಿಲ್ಲ. ಅವರ ಮಗಳು ನಮ್ಮ ಶಾಲೆಯಲ್ಲಿ ಓದಿ, ಶಿಕ್ಷಕಿಯ ತರಬೇತಿ ಪಡೆದು, ಸರ್ಕಾರದ ಪ್ರಾಥಮಿಕ ಶಾಲೆಯ ಹುದ್ದೆಗೆ ಆಯ್ಕೆಯಾಗಿದ್ದಳು. ನಮ್ಮ ಜಿಲ್ಲೆಯಲ್ಲಿ ಸ್ಥಾನಗಳು ಕಡಮೆಯೆಂದು ತಾನಾಗಿಯೇ ಉತ್ತರ ಕನ್ನಡ ಜಿಲ್ಲೆಯನ್ನು ಆರಿಸಿಕೊಂಡಿದ್ದಳು. ದೊರೆತದ್ದು ಜೋಯಿಡಾ ತಾಲ್ಲೂಕಿನ ಕಾಡಿನ ನಡುವಣ ಒಂದು ಶಾಲೆ. ಅಲ್ಲಿ ಮಕ್ಕಳು ಹದಿನಾಲ್ಕು. "ಅಮ್ಮಾವ್ರೆ, ಮನುಷ್ಯರಿಲ್ಲದ ಜಾಗಕ್ಕೆ ಹೆಣ್ಣುಮಗೀನ ಕಳ್ಸಿ ನಾವು ಹೆಂಗೆ ನಿದ್ದೆ ಮಾಡಾದು? ನಿಮ್ಮ ಸ್ಕೂಲಲ್ಲೇ ಒಂದು ಜಾಗ ಕೊಟ್ಬುಡಿ, ಸಂಬಳ ಕಮ್ಮಿಯಾದ್ರೂ ಚಿಂತಿಲ್ಲ" ಎಂದು ಅವರು ಕೇಳಿದಾಗ ಅವರ ಕಣ್ಣು ತುಂಬಿತ್ತು.

ಈ ಎರಡನೆಯ ತಂದೆಯನ್ನು ನಾವು ಹಾಸ್ಯ ಮಾಡುವವರಲ್ಲ. ಆದರೆ ಅವರು ಹೊರಟುಹೋದ ಮೇಲೆ ಮೇಜಿನ ಮೇಲೆ ಇನ್ನೂ ಇದ್ದ ಸಿಹಿಯ ಡಬ್ಬಿಯನ್ನು ನೋಡುತ್ತ ಬಹಳ ಹೊತ್ತು ಯೋಚಿಸಿದೆವು. ಮನುಷ್ಯರಿಲ್ಲದ ಜಾಗವೆಂದರೆ ಯಾವುದು? ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ವಿಸ್ತೀರ್ಣ ಸುಮಾರು 25 ಲಕ್ಷ ಚದರ ಕಿಲೋಮೀಟರು. ನಮ್ಮ ಕರ್ನಾಟಕದಂಥ ಹದಿಮೂರು ರಾಜ್ಯಗಳನ್ನು ಅದರೊಳಗೆ ಇಡಬಹುದು. ಅಲ್ಲಿರುವ ಜನವೋ ಮೂವತ್ತು ಲಕ್ಷದ ಆಸುಪಾಸು. ಅವರಲ್ಲಿಯೂ ಐದರಲ್ಲಿ ನಾಲ್ಕು ಪಾಲು ಪರ್ತ್ ಎಂಬ ಒಂದೇ ಪಟ್ಟಣದಲ್ಲಿ ಮತ್ತು ಅದರ ಸುತ್ತಮುತ್ತ. ಉಳಿದ ಮಹಾವಿಸ್ತಾರವೆಲ್ಲ ಉಳಿದ ಒಂದು ಪಾಲಿನವರದು. ಇದಕ್ಕೆ ಹೋಲಿಸಿದರೆ ಜೋಯಿಡಾ ಒಂದು ಸಂತೆಯ ಬೀದಿ. ಆದಾಗ್ಯೂ ಮೊದಲನೆಯ ತಂದೆ ಸಿಹಿ ಹಂಚಿದರು, ಎರಡನೆಯ ತಂದೆ ಕಣ್ಣೀರು ತಂದುಕೊಂಡರು. ಸಂಬಳದ ವ್ಯತ್ಯಾಸವೊಂದೇ ಇದಕ್ಕೆ ಕಾರಣವೆಂದು ಹೇಳಿ ಮುಗಿಸಿಬಿಡುವುದು ನಮಗೆ ಸರಿದೋರಲಿಲ್ಲ. ಪರದೇಶದ ಬಯಲನ್ನು ನಾವು 'ವಿಶಾಲ' ಎನ್ನುತ್ತೇವೆ; ನಮ್ಮ ನಾಡಿನ ಕಾಡನ್ನು 'ಗೊಂಡಾರಣ್ಯ' ಎನ್ನುತ್ತೇವೆ. ಅಲ್ಲಿಗೆ ಹೋದವಳು ಏಳಿಗೆ ಹೊಂದಿದಳು, ಇಲ್ಲಿಗೆ ಹೋದವಳು ಶಿಕ್ಷೆಗೊಳಗಾದಳು ಎಂಬ ಭಾವನೆ ನಮ್ಮಲ್ಲಿ ಹೇಗೋ ಬೇರೂರಿದೆ. ಈ ಭಾವನೆ ತಪ್ಪೆಂಬುದೇ ನಮ್ಮ ಅಭಿಪ್ರಾಯ. ಅದನ್ನು ತಿಳಿಸುವುದಕ್ಕಾಗಿಯೇ ಈ ಲೇಖನ.

ಮಂಡ್ಯ ಸೀಮೆಯವರಾದ ನಮಗೆ ಜನವಿಲ್ಲದ ನಾಡೆಂದರೆ ಏನೆಂಬುದರ ಕಲ್ಪನೆಯೇ ಕಷ್ಟ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ 4,961 ಚದರ ಕಿಲೋಮೀಟರಿನಲ್ಲಿ 18 ಲಕ್ಷಕ್ಕೂ ಮಿಕ್ಕ ಜನರಿದ್ದರು. ಚದರ ಕಿಲೋಮೀಟರಿಗೆ 364 ಮಂದಿ. ರಾಜ್ಯದ ಸರಾಸರಿ 319. ಉತ್ತರ ಕನ್ನಡ ಜಿಲ್ಲೆಯ ವಿಸ್ತೀರ್ಣ ನಮ್ಮದರ ಎರಡರಷ್ಟಕ್ಕೂ ಹೆಚ್ಚು, 10,291 ಚದರ ಕಿಲೋಮೀಟರು. ಜನ 14 ಲಕ್ಷ 37 ಸಾವಿರ. ಚದರ ಕಿಲೋಮೀಟರಿಗೆ 140. ಕೊಡಗಿನಲ್ಲಿ 135. ಜೋಯಿಡಾ ತಾಲ್ಲೂಕಂತೂ ವಿಸ್ತಾರದಲ್ಲಿ ಆ ಜಿಲ್ಲೆಗೇ ದೊಡ್ಡದು, ಜನಸಂಖ್ಯೆಯಲ್ಲಿ ಬಹು ಚಿಕ್ಕದು. ನಮ್ಮಲ್ಲಿ ಒಂದು ಊರಿನ ಆಲೆಮನೆಯ ಹೊಗೆ ಮುಂದಿನ ಊರಿನ ಮೇಲೆ ಹಾಯುವುದು; ಒಬ್ಬರ ಮನೆಯ ಮಾತು ಮೂರನೆಯ ಮನೆಗೆ ಕೇಳುವುದು. ಹೆಣ್ಣುಮಗಳೊಬ್ಬಳು ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆಯುವಷ್ಟರಲ್ಲಿ ಆರು ಮಂದಿ 'ಎಲ್ಲಿಗವ್ವ?' ಎಂದು ಕೇಳದೆ ಬಿಡರು. ಇದರಿಂದ ರಕ್ಷಣೆ ಉಂಟೆಂದು ಹಿರಿಯರು ಹೇಳುವರು. ಕಿರಿಯರಿಗೆ ಇದೇ ಉಸಿರು ಕಟ್ಟಿಸುವುದೆಂಬುದನ್ನೂ ನಾವು ಬಲ್ಲೆವು.

ಆದರೆ ಈ ಸೀಮೆ ಎಂದಿನಿಂದಲೂ ಹೀಗೆಯೇ ಇತ್ತೆ? ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಯಿತು. 1930ರ ದಶಕದ ಮೊದಲ ವರ್ಷಗಳಲ್ಲಿ ಇರ್ವಿನ್ ನಾಲೆಯ, ಎಂದರೆ ಈಗ ನಾವು ವಿಶ್ವೇಶ್ವರಯ್ಯ ನಾಲೆಯೆನ್ನುವುದರ ನೀರು ಈ ಕಡೆಗೆ ಹರಿಯುವ ಮುನ್ನ ಇಲ್ಲಿನ ಭೂಮಿ ಬಹುಮಟ್ಟಿಗೆ ರಾಗಿ, ಹುರುಳಿ, ಕುರಿಗಳದು. ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರ ಜುಲೈ 1ರಂದು. ಲೆಸ್ಲಿ ಕೋಲ್ಮನ್ ಅವರಂಥವರು ಈ ಒಣನೆಲದಲ್ಲಿ ಕಬ್ಬು ಬೆಳೆಯುವುದೆಂದು ಹಟ ಹಿಡಿಯದೆ, ಇಲ್ಲಿರುವವರು ಕೆಲವೇ ಮಂದಿ, ಇವರಿಗೇಕೆ ಇಷ್ಟು ವೆಚ್ಚ ಎಂದು ಅಂದಿನವರು ಲೆಕ್ಕ ಹಾಕಿದ್ದರೆ, ಇಂದು ನಾವು ಇಷ್ಟು ಜನರಿರುತ್ತಿರಲಿಲ್ಲ. ನಮ್ಮ ಶಾಲೆಯ ಕಪಾಟಿನಲ್ಲಿರುವ ಅತಿ ಹಳೆಯ ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಹನ್ನೊಂದು ಬಾಲಿಕೆಯರ ಹೆಸರುಗಳಿವೆ. ಅವರಲ್ಲಿ ನಾಲ್ವರ ಹೆಸರಿನ ಎದುರು ತಿಂಗಳು ಕಳೆಯುವುದರೊಳಗೆ ಗೈರುಹಾಜರಿಯ ಗೆರೆ ಬಿದ್ದಿದೆ. ಏಳು ಮಕ್ಕಳಿಗೆ ಶಾಲೆ ಏಕೆಂದು ಯಾರೂ ಆಗ ಬಾಗಿಲು ಮುಚ್ಚಲಿಲ್ಲ. ಪೋಷಕರು ಇಷ್ಟಪಟ್ಟರೆ ಆ ಪುಸ್ತಕವನ್ನು ಬಂದು ನೋಡಬಹುದು. ಹುಳು ತಿಂದಿದೆ, ಮೆಲ್ಲಗೆ ತಿರುವಬೇಕು.

ವಿರಳ ಜನವಸತಿಯ ನಾಡಿನ ಮೊದಲನೆಯ ಕಷ್ಟ ಏಕಾಂತವೆಂದು ನಾವು ತಿಳಿಯುತ್ತೇವೆ. ನಮ್ಮ ಅನುಭವದಲ್ಲಿ ಅದು ಎರಡನೆಯದು. ಮೊದಲನೆಯದು, ಅಲ್ಲಿನವರು ಲೆಕ್ಕಕ್ಕೆ ಬಾರದಿರುವುದು. 'ಜನ ಕಡಮೆ' ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಎಷ್ಟು ಬೇಗ 'ಜನವಿಲ್ಲ' ಎಂದಾಗುವುದೆಂಬುದಕ್ಕೆ ಲೋಕದ ಚರಿತ್ರೆಯೇ ಸಾಕ್ಷಿ. ಆಸ್ಟ್ರೇಲಿಯಾಕ್ಕೆ ಬಿಳಿಯರು ಬಂದು ನೆಲೆಸಿದಾಗ, ಅದು ಯಾರಿಗೂ ಸೇರದ ಭೂಮಿಯೆಂಬ ಭಾವನೆಯ ಮೇಲೆಯೇ ಅಲ್ಲಿನ ಭೂಮಿಯ ಕಾನೂನು ನಿಂತಿತು. ಹತ್ತಾರು ಸಾವಿರ ವರ್ಷಗಳಿಂದ ಮೂಲನಿವಾಸಿಗಳು ಅಲ್ಲಿ ಬಾಳುತ್ತಿದ್ದರು. ಪ್ರತಿ ಬಂಡೆಗೂ ಪ್ರತಿ ನೀರಿನ ಗುಂಡಿಗೂ ಅವರಲ್ಲಿ ಹೆಸರಿತ್ತು. ಬೇಲಿ ಹಾಕಿ ಉಳಲಿಲ್ಲವಾದ ಕಾರಣ ಅವರು ಎಣಿಕೆಗೆ ಬರಲಿಲ್ಲ. ಟಾರೆಸ್ ಜಲಸಂಧಿಯ ದ್ವೀಪವೊಂದರ ಎಡ್ಡಿ ಮಾಬೋ ಎಂಬವರು ಮತ್ತು ಅವರ ಸಂಗಡಿಗರು ಹೂಡಿದ ವ್ಯಾಜ್ಯದಲ್ಲಿ 1992ರ ಜೂನ್ 3ರಂದು ಅಲ್ಲಿನ ಉಚ್ಚ ನ್ಯಾಯಾಲಯವು ಆ ಭಾವನೆಯನ್ನು ತಳ್ಳಿಹಾಕಿತು. ಮಾಬೋ ಆ ತೀರ್ಪನ್ನು ಕೇಳಲು ಬದುಕಿರಲಿಲ್ಲ. ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು. ಅಲ್ಲಿಗೆ ಹೋಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯ ಆಸ್ಪತ್ರೆಗೆ ಬರುವ ರೋಗಿಗಳಲ್ಲಿ ಆ ಮೂಲನಿವಾಸಿಗಳೂ ಅನೇಕರು. ಅವರ ಮುದುಕಿಯೊಬ್ಬಳು ಈಕೆಯನ್ನು ಯಾವ ಕುಲ, ಯಾವ ನೆಲ, ಅಜ್ಜಿಯ ಊರು ಯಾವುದೆಂದು ವಿಚಾರಿಸಿದಳೆಂದೂ, ಮದ್ದೂರನ್ನು ಬಿಟ್ಟು ಬಂದ ಮೇಲೆ ಅಂಥ ಪ್ರಶ್ನೆಯನ್ನು ಮೊದಲ ಸಲ ಕೇಳಿದ ಕೂಡಲೆ ತನಗೆ ಅಳು ಬಂದಿತೆಂದೂ ಆಕೆ ನಮಗೆ ಬರೆದಿದ್ದಾಳೆ.

ನಮ್ಮ ನಾಡಿನಲ್ಲಿಯೂ ಇದೇ ಕಥೆ ಬೇರೆ ರೂಪದಲ್ಲಿದೆ. ಕಾಳಿ ನದಿಗೆ ಸೂಪಾದಲ್ಲಿ ಕಟ್ಟೆ ಕಟ್ಟಿದಾಗ ಹಳೆಯ ಸೂಪಾ ಪೇಟೆಯೂ ಸುತ್ತಲಿನ ಹಳ್ಳಿಗಳೂ ನೀರಿನಲ್ಲಿ ಮುಳುಗಿದವು. ಒಕ್ಕಲೆದ್ದವರಲ್ಲಿ ಅನೇಕರು ರಾಮನಗರದಲ್ಲಿ ನೆಲೆಯಾದರು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆಯಾದಾಗಲೂ ಹೀಗೆಯೇ. ಕಡಮೆ ಜನರಿರುವ ಕಡೆ ಮುಳುಗಿಸುವುದು ಸುಲಭವೆಂದು ಯೋಜನೆ ಹಾಕುವವರ ಲೆಕ್ಕ. ಅಲ್ಲಿ ಹುಟ್ಟಿದ ವಿದ್ಯುತ್ತು ಜನ ಹೆಚ್ಚಿರುವ ಕಡೆಗೆ ಹರಿಯುವುದು. ಈ ಮಾತನ್ನು ನಾವು ಮಂಡ್ಯದವರು ದೂರದಿಂದ ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ. ನಮ್ಮ ಗದ್ದೆಗಳ ನೀರಿನ ಕೆಳಗೆ ಹಳೆಯ ಕನ್ನಂಬಾಡಿ ಗ್ರಾಮವಿದೆ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ತಂತಿಯ ಕೆಳಗಿದ್ದ ಹಳ್ಳಿಗಳವರು ದೀಪಕ್ಕೆ ಎಣ್ಣೆಯನ್ನೇ ಹಾಕುತ್ತಿದ್ದರು. ಲೆಕ್ಕಕ್ಕೆ ಬಾರದವರಾಗಿ ಇರುವುದೆಂದರೇನೆಂದು ನಮ್ಮ ಅಜ್ಜಂದಿರು ಬಲ್ಲವರೇ. ಮೊಮ್ಮಕ್ಕಳು ಮರೆತಿದ್ದೇವೆ.

ಹಾಗಾದರೆ ಅಂಥ ನಾಡುಗಳಲ್ಲಿ ಬದುಕುವುದು ಸಾಧ್ಯವಾಗಬೇಕಾದರೆ ಏನು ಬೇಕು? ಇಲ್ಲಿ ಆಸ್ಟ್ರೇಲಿಯಾದವರಿಂದ ಕಲಿಯತಕ್ಕದ್ದು ಉಂಟು. ಜಾನ್ ಫ್ಲಿನ್ ಎಂಬ ಪ್ರೆಸ್ಬಿಟೇರಿಯನ್ ಪಾದ್ರಿಗಳು 1912ರಿಂದ ಆ ದೇಶದ ಒಳನಾಡಿಗಾಗಿ ಏರ್ಪಟ್ಟ ಮಿಶನ್ನಿನ ಮೇಲ್ವಿಚಾರಕರಾಗಿದ್ದರು. ನೂರಾರು ಮೈಲಿ ದೂರದಲ್ಲಿ ಒಂಟಿಯಾಗಿರುವ ಕುಟುಂಬಗಳಲ್ಲಿ ಹೆರಿಗೆಗೂ ಗಾಯಕ್ಕೂ ವೈದ್ಯರಿಲ್ಲದೆ ಜನ ಸಾಯುವುದನ್ನು ಅವರು ಕಂಡರು. ಜನರು ಪಟ್ಟಣಕ್ಕೆ ಬಂದು ನೆಲೆಸಲೆಂದು ಅವರು ಉಪದೇಶ ಮಾಡಲಿಲ್ಲ. ವಿಮಾನವೆಂಬುದೇ ಹೊಸದಾಗಿದ್ದ ಕಾಲದಲ್ಲಿ ವೈದ್ಯರನ್ನೇ ವಿಮಾನದಲ್ಲಿ ಕಳುಹಿಸಬೇಕೆಂದು ಹತ್ತಾರು ವರ್ಷ ಹೋರಾಡಿ, 1928ರ ಮೇ ತಿಂಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಕ್ಲನ್‌ಕರಿ ಎಂಬ ಊರಿನಿಂದ ಅದನ್ನು ಪ್ರಾರಂಭಿಸಿದರು. ವೈದ್ಯರನ್ನು ಕರೆಯುವುದಾದರೂ ಹೇಗೆ? ವಿದ್ಯುತ್ತಿಲ್ಲದ ಮನೆಗಳಲ್ಲಿ ಬೈಸಿಕಲ್ಲಿನಂತೆ ಕಾಲಿನಿಂದ ತುಳಿದು ನಡೆಸುವ ರೇಡಿಯೋ ಯಂತ್ರವನ್ನು ಆಲ್ಫ್ರೆಡ್ ಟ್ರೇಗರ್ ಎಂಬ ಇಂಜಿನಿಯರು ನಿರ್ಮಿಸಿಕೊಟ್ಟರು. 1929ರಿಂದ ಅದು ಮನೆಮನೆಗೆ ಹೋಯಿತು. ಅದರ ಮುಂದೆ ಕುಳಿತು ತುಳಿಯುತ್ತ ಮಾತನಾಡಿದವರಲ್ಲಿ ಹೆಂಗಸರೇ ಹೆಚ್ಚು. ರೋಗದ ವಿಚಾರ ಮುಗಿದ ಮೇಲೆ ಪರಸ್ಪರ ಕಷ್ಟಸುಖವನ್ನೂ ವಿಚಾರಿಸಿಕೊಳ್ಳುತ್ತಿದ್ದರಂತೆ. ಇದು ನಮಗೆ ಬಹಳ ಪ್ರಿಯವಾದ ವಿವರ. ಮೈಲಿಗಟ್ಟಲೆ ಬಯಲಿನಲ್ಲಿ ಒಂದು ಹಟ್ಟಿಯ ಜಗಲಿಯನ್ನು ಅವರು ಆಕಾಶದಲ್ಲಿ ಕಟ್ಟಿಕೊಂಡರು.

ಮುಂದಿನ ಹೆಜ್ಜೆ ಒಬ್ಬ ಉಪಾಧ್ಯಾಯಿನಿಯದು. ಅಡಿಲೇಡ್ ಮೀಟ್ಕೆ ಎಂಬ ಮಹಿಳೆ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶಾಲಾ ಇನ್‌ಸ್ಪೆಕ್ಟರಾಗಿದ್ದವರು. ಒಳನಾಡಿನ ಮಕ್ಕಳು ಬೇರೆ ಮಕ್ಕಳ ಮುಖವನ್ನೇ ಕಾಣದೆ ಬೆಳೆದು, ಮಾತನಾಡಲು ಅಂಜುವುದನ್ನು ಅವರು ಗಮನಿಸಿದರು. ವೈದ್ಯರ ರೇಡಿಯೋದಲ್ಲಿಯೇ ಪಾಠವನ್ನೂ ಏಕೆ ಹೇಳಬಾರದೆಂಬುದು ಅವರ ಆಲೋಚನೆ. ಅದರ ಫಲವಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸಿನಲ್ಲಿ ಆಕಾಶಶಾಲೆ ಆರಂಭವಾಯಿತು. ಗೋಡೆಯಿಲ್ಲದ ಆ ಶಾಲೆ ಇಂದಿಗೂ ನಡೆಯುತ್ತಿದೆ. ಈಗ ರೇಡಿಯೋಕ್ಕೆ ಬದಲು ಉಪಗ್ರಹದ ಮೂಲಕ ಪಾಠ. ಮಕ್ಕಳು ಕೆಲವರೇ ಎಂದು ಅವರು ಶಾಲೆಯನ್ನು ವಿಲೀನಗೊಳಿಸಲಿಲ್ಲ.

ನಮ್ಮಲ್ಲಿ ಏನಾಗುತ್ತಿದೆ? 2022ರ ಆಗಸ್ಟಿನಲ್ಲಿ ಬೈಂದೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎರಡನೆಯ ತರಗತಿಯ ಬಾಲಿಕೆಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಮಳೆಗಾಲದ ಹಳ್ಳದ ಮೇಲಿನ ಕಾಲುಸಂಕದಿಂದ ಜಾರಿ ಕೊಚ್ಚಿಹೋಗಿ ಪ್ರಾಣ ಬಿಟ್ಟಳು. ಕಾಲುಸಂಕವೆಂದರೆ ನಮ್ಮ ಸೀಮೆಯವರಿಗೆ ತಿಳಿಯದು: ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಒಂದೆರಡು ಮರದ ದಿಮ್ಮಿ ಅಥವಾ ಹಲಗೆ, ಅಷ್ಟೆ. ಹತ್ತು ಮನೆಗಳಿಗಾಗಿ ಸೇತುವೆ ಕಟ್ಟಲು ಹಣವೆಲ್ಲಿ ಎಂಬ ಪ್ರಶ್ನೆ ಪ್ರತಿ ಮಳೆಗಾಲದಲ್ಲಿಯೂ ಬರುವುದು. ಅದೇ ವರ್ಷ ಜುಲೈ 20ರಂದು ಹೊನ್ನಾವರದಿಂದ ರೋಗಿಯೊಬ್ಬರನ್ನು ಉಡುಪಿ ಜಿಲ್ಲೆಯ ಕಡೆಗೆ ಒಯ್ಯುತ್ತಿದ್ದ ಆಂಬ್ಯುಲೆನ್ಸು ಶಿರೂರಿನ ಟೋಲ್ ಕಟ್ಟೆಯ ಬಳಿ ಮಗುಚಿ ನಾಲ್ವರು ಮೃತರಾದರು. ಉತ್ತರ ಕನ್ನಡದವರು ತಮ್ಮ ಜಿಲ್ಲೆಯಲ್ಲಿಯೇ ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿಯೇ ಗಟ್ಟಿಯಾಗಿ ಕೇಳಿದ್ದರು. ಈ ದುರಂತದ ಮೇಲೆ ಮತ್ತೆ ಕೇಳಿದರು. ಹದಿನಾಲ್ಕು ಲಕ್ಷ ಜನ ಒಂದೇ ಪಟ್ಟಣದಲ್ಲಿದ್ದಿದ್ದರೆ ಇಷ್ಟು ಕೇಳಬೇಕಾಗುತ್ತಿತ್ತೆ? ಅವರು ಹತ್ತು ಸಾವಿರ ಚದರ ಕಿಲೋಮೀಟರಿನಲ್ಲಿ ಚದರಿ ಬಾಳುತ್ತಿರುವುದೇ ಅವರ ಅಪರಾಧವಾದಂತಿದೆ.

ಶಾಲೆಗಳ ಸಂಗತಿಯೂ ಇದೇ. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅರುವತ್ತರವರೆಗೆ ಮಕ್ಕಳಿದ್ದರೆ ಇಬ್ಬರು ಶಿಕ್ಷಕರಿರಬೇಕು. ಹದಿನಾಲ್ಕು ಮಕ್ಕಳ ಶಾಲೆಗೂ ಇದು ಅನ್ವಯಿಸುವುದು. ಆದರೆ ಇಬ್ಬರಲ್ಲೊಬ್ಬರು ವರ್ಗವಾಗಿ ಹೋದರೆ, ಆ ಸ್ಥಾನಕ್ಕೆ ಬರುವವರು ಯಾರು? ಐದು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಬರೆದು, ತಾಲ್ಲೂಕು ಕಚೇರಿಯ ಸಭೆಗೂ ಹೋಗಿ ಬರುವ ಒಬ್ಬಂಟಿ ಉಪಾಧ್ಯಾಯಿನಿ ಪಾಠ ಹೇಳುವುದು ಯಾವಾಗ? ಆ ಮೇಲೆ ಫಲಿತಾಂಶ ಸಾಲದೆಂದು ಮಕ್ಕಳು ಬೇರೆ ಕಡೆಗೆ ಹೋಗುವರು. ಮಕ್ಕಳು ಸಾಲದೆಂದು ಶಾಲೆಯನ್ನು ಮುಚ್ಚುವ ಮಾತು ಬರುವುದು. ಶಾಲೆ ಮುಚ್ಚಿದ ಮೇಲೆ ಮೊದಲು ಓದು ಬಿಡುವವರು ಹೆಣ್ಣುಮಕ್ಕಳೇ ಎಂಬುದನ್ನು ನಾವು ಯಾವ ಪುಸ್ತಕದಿಂದಲೂ ಕಲಿಯಬೇಕಾಗಿಲ್ಲ. ಗಂಡುಮಗುವನ್ನು ಐದು ಮೈಲಿ ನಡೆಸುವ ತಂದೆತಾಯಿಗಳು ಹೆಣ್ಣುಮಗುವನ್ನು ಮನೆಯಲ್ಲಿಯೇ ಇರಿಸಿಕೊಳ್ಳುವರು.

ಇಷ್ಟು ದೂರಕ್ಕೆ ಹೋಗಬೇಕಾಗಿಯೂ ಇಲ್ಲ. ಮಳವಳ್ಳಿ ತಾಲ್ಲೂಕಿನಲ್ಲಿಯೇ ಹಲಗೂರನ್ನು ದಾಟಿ ಮುತ್ತತ್ತಿಯ ದಾರಿ ಹಿಡಿದರೆ, ಗದ್ದೆಗಳು ಮುಗಿದು ಕಾವೇರಿ ವನ್ಯಜೀವಿಧಾಮದ ಕಾಡು ಆರಂಭವಾಗುವುದು. ಮಂಡ್ಯದವರು ಅಲ್ಲಿಗೆ ಹೋಗುವುದು ಮುತ್ತೆತ್ತಿರಾಯನ ದರ್ಶನಕ್ಕೆ, ನದಿಯಲ್ಲಿ ಮೀಯುವುದಕ್ಕೆ, ಪೂಜೆಯ ಊಟಕ್ಕೆ. ಆ ಕಾಡಂಚಿನ ಊರುಗಳಲ್ಲಿ ಸಂಜೆಯಾದ ಮೇಲೆ ಆನೆಯ ಭಯದಿಂದ ಹೊರಗೆ ಬಾರದೆ ಬಾಳುವವರನ್ನು ನಾವು ನೆನೆಯುವುದು ಅಪರೂಪ. ಆ ಕಡೆಯಿಂದ ನಮ್ಮ ಶಾಲೆಗೆ ಬಂದು ವಸತಿನಿಲಯದಲ್ಲಿರುವ ಬಾಲಿಕೆಯೊಬ್ಬಳನ್ನು, ಇಲ್ಲಿ ನಿನಗೆ ಹಿಡಿಸದ್ದು ಯಾವುದೆಂದು ಕೇಳಿದಾಗ, ರಾತ್ರಿ ಕತ್ತಲೇ ಆಗುವುದಿಲ್ಲವೆಂದು ಹೇಳಿದಳು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನಲ್ಲಿ ಚೀಟಿಯ ಹಣ ಕೊಡಬೇಕಾಗಿಲ್ಲ. ಇದು ಒಳ್ಳೆಯದೇ, ನಮ್ಮ ವಿದ್ಯಾರ್ಥಿನಿಯರ ತಾಯಂದಿರು ಪೋಷಕರ ಸಭೆಗೆ ಬರುವುದು ಅದರಿಂದ ಹೆಚ್ಚಾಗಿದೆ. ಆದರೆ ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರಿನವಳಿಗೆ, ಆ ಎರಡರಲ್ಲೊಂದು ಕೆಟ್ಟುನಿಂತ ದಿನ, ಉಚಿತ ಪ್ರಯಾಣದಿಂದ ಏನು ಪ್ರಯೋಜನ?

ಇನ್ನು ಏಕಾಂತದ ವಿಚಾರ. ಅದನ್ನು ಹಗುರವಾಗಿ ಕಾಣುವವರು ಅದನ್ನು ಅನುಭವಿಸಿಲ್ಲ. ನಾವು ತರಬೇತಿ ಮುಗಿಸಿದ ಹೊಸದರಲ್ಲಿ ಮಲೆನಾಡಿನ ಒಂದು ಶಾಲೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇವೆ. ಮಳೆಗಾಲದ ಮೂರು ತಿಂಗಳು ಛಾವಣಿಯ ಮೇಲಿನ ಸದ್ದಿನ ಹೊರತು ಮತ್ತೊಂದು ಸದ್ದಿಲ್ಲ. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಮ್ಮ ಬಾಯಿಂದ ಒಂದು ಮಾತೂ ಹೊರಟಿಲ್ಲವೆಂದು ಒಮ್ಮೆ ಅರಿವಾಗಿ, ಗಟ್ಟಿಯಾಗಿ ಮಗ್ಗಿ ಹೇಳಿಕೊಂಡದ್ದುಂಟು. ಮೊದಲ ವರ್ಷ ಪ್ರತಿ ರಾತ್ರಿ ರಾಜೀನಾಮೆಯ ಪತ್ರವನ್ನು ಮನಸ್ಸಿನಲ್ಲಿಯೇ ಬರೆದೆವು. ಎರಡನೆಯ ವರ್ಷ ಬರೆಯಲಿಲ್ಲ. ಅಷ್ಟರಲ್ಲಿ ಒಂದು ಮೈಲಿ ಆಚೆಯ ಮನೆಯ ಮುದುಕಿ, ಯಾರೂ ಹೇಳದಿದ್ದರೂ, ಪ್ರತಿ ಸಂಜೆ ನಮ್ಮ ದೀಪ ಕಾಣುವವರೆಗೆ ಜಗಲಿಯಲ್ಲಿ ಕುಳಿತಿರುತ್ತಿದ್ದರೆಂದು ತಿಳಿದುಬಂದಿತ್ತು. ಮಂಡ್ಯದಲ್ಲಿ ನಮ್ಮ ದೀಪವನ್ನು ನೋಡುವವರು ನೂರು ಮಂದಿ. ಉರಿಯದಿದ್ದರೆ ಎದ್ದುಬರುವವರು ಎಷ್ಟು ಮಂದಿಯೋ ಹೇಳಲಾರೆವು.

ಹೆಣ್ಣುಮಗಳ ರಕ್ಷಣೆಯ ವಿಷಯದಲ್ಲಿ ತಂದೆತಾಯಿಗಳಿಗಿರುವ ಭೀತಿ ನ್ಯಾಯವಾದದ್ದೇ. ಆ ಭೀತಿಯನ್ನು ಉಪದೇಶದಿಂದ ಹೋಗಲಾಡಿಸಲಾಗದು; ಬಾಗಿಲಿಗೆ ಭದ್ರವಾದ ಅಗಳಿಯಿರುವ ಮನೆಯಿಂದ ಹೋಗಲಾಡಿಸಬಹುದು. ಸರ್ಕಾರದವರು ಅಂಥ ಊರುಗಳಿಗೆ ಒಬ್ಬಳೇ ಉಪಾಧ್ಯಾಯಿನಿಯನ್ನು, ಒಬ್ಬಳೇ ದಾದಿಯನ್ನು ಕಳುಹಿಸತಕ್ಕದ್ದಲ್ಲ. ಇಬ್ಬರನ್ನು ಒಟ್ಟಿಗೆ ಕಳುಹಿಸಿ, ಶಾಲೆಯ ಪಕ್ಕದಲ್ಲಿಯೇ ಇಬ್ಬರಿಗೂ ವಸತಿಗೃಹ ಕಟ್ಟಿಕೊಡಬೇಕು. ಶೌಚಾಲಯವೂ ನೀರೂ ಅದರೊಳಗೇ ಇರಬೇಕು. ದೂರದ ಸ್ಥಳದಲ್ಲಿ ದುಡಿದ ವರ್ಷಗಳಿಗೆ ವರ್ಗಾವಣೆಯಲ್ಲಿ ಮಾತ್ರವಲ್ಲದೆ ಬಡ್ತಿಯಲ್ಲಿಯೂ ಮನ್ನಣೆ ದೊರೆಯಬೇಕು. ಈಗ ದೂರದ ಶಾಲೆಯೆಂಬುದು ಹೇಗಾದರೂ ಪಾರಾಗಬೇಕಾದ ಗಂಡಾಂತರವಾಗಿದೆ. ಪಾರಾಗಲು ತಿಳಿಯದ ಸಾಧುಗಳು ಅಲ್ಲಿಯೇ ಉಳಿಯುವರು.

ಇಲ್ಲಿ ಒಂದು ಪ್ರಾಸಂಗಿಕ ಮಾತು. ನಮ್ಮ ಜನನಿಬಿಡ ಜಿಲ್ಲೆಯೂ ಒಳಗೊಳಗೇ ಬರಿದಾಗುತ್ತಿಲ್ಲವೆ? 2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಮಂಡ್ಯ ಜಿಲ್ಲೆಯ ಜನ ಹೆಚ್ಚಿದ್ದು ನೂರಕ್ಕೆ ಎರಡೂವರೆಯಷ್ಟೂ ಇಲ್ಲ. ಚಿಕ್ಕಮಗಳೂರಿನಲ್ಲಿ ಸ್ವಲ್ಪ ಇಳಿದೇ ಹೋಯಿತು. ಅದೇ ಕಾಲದಲ್ಲಿ ಬೆಂಗಳೂರು ಹಿಗ್ಗಿದ್ದು ಎಲ್ಲರಿಗೂ ತಿಳಿದದ್ದೇ. 2023ರ ಫೆಬ್ರವರಿಯಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ತರುಣರು ತಮಗೆ ಹೆಣ್ಣು ದೊರೆಯಲೆಂದು ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದದ್ದನ್ನು ಪತ್ರಿಕೆಗಳಲ್ಲಿ ಓದಿ ಅನೇಕರು ನಕ್ಕರು. ನಾವು ನಗಲಿಲ್ಲ. ಆ ತರುಣರಿಗೆ ಹೆಣ್ಣು ಕೊಡಲೊಲ್ಲದವರು ನಮ್ಮ ಶಾಲೆಯ ಪೋಷಕರೇ. ಕೈತುಂಬ ಕಬ್ಬಿನ ಗದ್ದೆಯಿದ್ದರೂ ಹಳ್ಳಿಯ ಮನೆ ಬೇಡವೆನ್ನುವವರು ನಮ್ಮಲ್ಲಿ ಓದಿದ ಬಾಲಿಕೆಯರೇ. ಅವರನ್ನು ದೂರುವುದಿಲ್ಲ. ಹಳ್ಳಿಯ ಸೊಸೆಯ ಪಾಡನ್ನು ತಮ್ಮ ತಾಯಂದಿರಲ್ಲಿ ಕಂಡವರು ಅವರು. ಆದರೆ ಇಂದು ಜೋಯಿಡಾದಲ್ಲಿರುವ ಪ್ರಶ್ನೆ ನಾಳೆ ನಮ್ಮ ಊರುಗಳಿಗೂ ಬರಬಹುದೆಂಬುದನ್ನು ಮಾತ್ರ ಜ್ಞಾಪಿಸುತ್ತೇವೆ.

ಮಳವಳ್ಳಿಯ ಆ ತಂದೆಗೆ ನಾವು ಏನು ಹೇಳಿದೆವೆಂದು ಓದುಗರು ಕೇಳಬಹುದು. ನಿಜವನ್ನೇ ಬರೆಯುತ್ತೇವೆ. ಆ ವೇಳೆಗೆ ನಮ್ಮ ಶಾಲೆಯಲ್ಲಿ ಒಂದು ಸ್ಥಾನ ಖಾಲಿ ಇತ್ತು. ಆ ಹುಡುಗಿ ಗಣಿತದಲ್ಲಿ ನಿಪುಣೆ. ಚಿಕ್ಕ ಮಕ್ಕಳು ಅವಳ ಹಿಂದೆ ಓಡಾಡುತ್ತಿದ್ದವು. ನಮಗೆ ಅವಳು ಬೇಕಾಗಿದ್ದಳು. ಮೇಲೆ ಬರೆದ ನೀತಿಯೆಲ್ಲವನ್ನೂ ಒಂದು ಪಕ್ಕಕ್ಕಿಟ್ಟು, ಇಲ್ಲಿಗೆ ಬರುವೆಯಾ ಎಂದು ನಾವೇ ಅವಳಿಗೆ ದೂರವಾಣಿಯಲ್ಲಿ ಕೇಳಿದೆವು. ಕರೆ ಮೂರು ಸಲ ಕತ್ತರಿಸಿತು. ಸಂಕೇತ ದೊರೆಯುವ ದಿಬ್ಬವನ್ನು ಹತ್ತಿ ಅವಳೇ ಮರಳಿ ಕರೆದಳು.

"ಟೀಚರ್, ಅಪ್ಪನ ಮಾತು ಕೇಳಿ ನೀವು ಹೇಳ್ತಾ ಇದ್ದೀರ" ಎಂದಳು. "ನಾನು ಬಂದು ಆರು ವಾರ ಆಯ್ತು. ಇಲ್ಲಿನ ಮಕ್ಕಳು ಮನೇಲಿ ಕೊಂಕಣಿ ಆಡ್ತವೆ. ಈಗತಾನೇ ನನ್ನ ಕನ್ನಡ ಅವಕ್ಕೆ ಅರ್ಥ ಆಗ್ತಾ ಇದೆ, ಅವರ ಮಾತು ನನಗೆ ಅರ್ಥ ಆಗ್ತಾ ಇದೆ. ಈಗ ಬಿಟ್ಟು ಬಂದ್ರೆ ಮತ್ತೆ ಯಾರಾದ್ರೂ ಮೊದಲಿಂದ ಶುರು ಮಾಡ್ಬೇಕು. ಎರಡು ವರ್ಷ ನೋಡ್ತೀನಿ. ಆಮೇಲೂ ಹೆದರಿಕೆ ಆದ್ರೆ ಆಗ ಕರೀರಿ."

ಎರಡು ವರ್ಷದ ಮೇಲೆ ಅವಳು ಬರುವಳೋ ಇಲ್ಲವೋ ನಾವು ಬಲ್ಲವರಲ್ಲ. ಅವಳು ಬರುವುದಾದರೆ ಅದನ್ನು ಸೋಲೆಂದು ಭಾವಿಸುವುದೂ ಇಲ್ಲ. ಒಬ್ಬ ಹುಡುಗಿಯ ಬೆನ್ನ ಮೇಲೆ ಒಂದು ನಾಡಿನ ಭಾರವನ್ನು ಹೊರಿಸಿ ದೂರದಿಂದ ಚಪ್ಪಾಳೆ ತಟ್ಟುವುದು ನಮ್ಮಂಥವರಿಗೆ ಸುಲಭ. ಆಸ್ಟ್ರೇಲಿಯಾದಲ್ಲಿರುವವಳೂ ಮೊದಲ ಚಳಿಗಾಲದಲ್ಲಿ ಮರಳಿ ಬರುವ ಮನಸ್ಸು ಮಾಡಿದ್ದಳೆಂದು ಬರೆದಿದ್ದಾಳೆ. ಹದಿನೆಂಟು ಮೈಲಿ ಆಚೆಯ ಕುರಿಸಾಕುವವನ ಹೆಂಡತಿ ಗಾಳಿಮಳೆಯ ರಾತ್ರಿ ಕಾರು ನಡೆಸಿಕೊಂಡು ಬಂದು, ಈಕೆಯ ಮನೆಯಲ್ಲಿ ದೀಪ ಆರಿದೆಯೋ ಎಂದು ವಿಚಾರಿಸಿ ಹೋದಳಂತೆ. ಮಲೆನಾಡಿನ ನಮ್ಮ ಮುದುಕಿ ನೆನಪಾದರು.

ಕಳೆದ ಬೇಸಿಗೆ ರಜೆಗೆ ಮುನ್ನ ಆ ರೈತರು ಧಾರವಾಡದವರೆಗೆ ರೈಲಿನಲ್ಲಿಯೂ, ಮುಂದೆ ಹಳಿಯಾಳ, ದಾಂಡೇಲಿಗಳ ಮೇಲೆ ಬಸ್ಸಿನಲ್ಲಿಯೂ ಮಗಳ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದರು. ಅಲ್ಲಿನ ಕುಣಬಿ ಜನರು ಕೊಟ್ಟ ಒಂದು ಚೀಲ ಗೆಡ್ಡೆಗೆಣಸನ್ನು ಹೊತ್ತು ತಂದು, ಅದರಲ್ಲಿ ಅರ್ಧವನ್ನು ನಮ್ಮ ವಸತಿನಿಲಯದ ಅಡಿಗೆಮನೆಯಲ್ಲಿ ಇಳಿಸಿದರು. ಈ ಸಲ ಕುರ್ಚಿಯಲ್ಲಿ ಕುಳಿತರು. ಊರು ಹೇಗಿದೆಯೆಂದು ಕೇಳಿದೆವು. "ಜನ ಅವ್ರೆ ಅಮ್ಮಾವ್ರೆ, ದೂರ ದೂರ ಅವ್ರೆ ಅಷ್ಟೆಯ" ಎಂದರು. ಆಮೇಲೆ, ಮಗಳಿರುವ ಕೋಣೆಯ ಬಾಗಿಲು ಸರಿಯಿಲ್ಲವೆಂದೂ, ತಾವೇ ಹೊಸ ಚಿಲಕ ಹಾಕಿ ಬಂದುದಾಗಿಯೂ ಹೇಳಿದರು.

ಆ ಶಾಲೆಗೆ ಕನ್ನಡದ ಚಿತ್ರಕಥೆಯ ಪುಸ್ತಕಗಳೂ, ಗೋಡೆಗೆ ತೂಗುಹಾಕುವ ಕರ್ನಾಟಕದ ಭೂಪಟವೂ, ಮಳೆಗಾಲಕ್ಕೆ ಹದಿನಾಲ್ಕು ಛತ್ರಿಗಳೂ ಬೇಕಾಗಿವೆಯೆಂದು ಹುಡುಗಿ ಬರೆದಿದ್ದಾಳೆ. ಭೂಪಟವನ್ನು ಶಾಲೆಯಿಂದ ಕೊಟ್ಟಿದ್ದೇವೆ. ಪುಸ್ತಕಗಳಿಗಾಗಿ ಕಚೇರಿಯ ಮುಂದಿನ ಪಡಸಾಲೆಯಲ್ಲಿ ಒಂದು ಪೆಟ್ಟಿಗೆಯನ್ನು ಇರಿಸಿದೆ. ಹರಿದವುಗಳನ್ನು ದಯವಿಟ್ಟು ಹಾಕಬಾರದು. ಛತ್ರಿಗಳಲ್ಲಿ ಆರು ಬಂದಿವೆ. ಮೇ ತಿಂಗಳ ಕೊನೆಗೆ ಆಕೆಯ ತಂದೆ ಮತ್ತೆ ಹೋಗುವವರಿದ್ದಾರೆ.